ಗೋವಿನಜೋಳದ ಸುಳಿಯಲ್ಲಿ ಸೈನಿಕ ಹುಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಗೋವಿನಜೋಳದ ಹೊಲಗಳನ್ನು ಕಾಡುವ ಈ ಹುಳು ಅಮೆರಿಕ ಖಂಡಗಳ ಮೂಲದ್ದು. ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದಲ್ಲೇ. ಸಿಹಿಜೋಳವನ್ನೂ ಇದು ಬಿಡದು.

ಹೆಣ್ಣು ಪತಂಗ ರಾತ್ರಿ ಹೊತ್ತು ಎಲೆಯ ಮೇಲೆ ಗುಂಪುಗುಂಪಾಗಿ 100–200 ಮೊಟ್ಟೆ ಇಡುತ್ತದೆ. ಎರಡು-ಮೂರು ದಿನಕ್ಕೆ ಮರಿಗಳು ಹೊರಬಂದು ಎಲೆಯ ಹಸಿರನ್ನು ಕೆರೆದು ತಿನ್ನುತ್ತವೆ. ನೂಲಿನೆಳೆ ಹಿಡಿದು ಗಾಳಿಯಲ್ಲಿ ತೇಲಿ ಪಕ್ಕದ ಗಿಡ ಸೇರುತ್ತವೆ. ಸುಳಿಯೊಳಗೆ ಇಳಿದ ಮೇಲೆ ಔಷಧ ತಲುಪುವುದೇ ಕಷ್ಟ. ಕಟ್ಟಿಗೆಯ ಹೊಟ್ಟಿನಂಥ ಹಿಕ್ಕೆ ಮಾತ್ರ ಹೊರಗೆ ಕಾಣುತ್ತದೆ. ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಬಾಲದ ಬಳಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ: ಗುರುತಿಸಲು ಇಷ್ಟು ಸಾಕು. ಬಲಿತ ಹುಳು ಮಣ್ಣಿಗಿಳಿದು ಕೋಶವಾಗುತ್ತದೆ. ಬೆಚ್ಚಗಿನ ದಿನಗಳಲ್ಲಿ ಇಡೀ ಜೀವನಚಕ್ರ ಸುಮಾರು 30 ದಿನ.

ಮೊಟ್ಟೆಯ ಗುಂಪು ಕಂಡೊಡನೆ ಹೊಸಕಿಹಾಕಿ.