ಉರಗಕ್ಕೆ ಕೊಟ್ಟ ಮನೆಯ ಅಳತೆ

ಸುಬ್ರಹ್ಮಣ್ಯನ ಹೆಸರನ್ನು ಹೊತ್ತ ಊರೊಂದನ್ನು ಮಗ್ಗುಲಲ್ಲಿಯೂ ತುರಹಳ್ಳಿಯ ಕಲ್ಲುಕಾಡನ್ನು ಸಮೀಪದಲ್ಲಿಯೂ ಉಳ್ಳ ಉತ್ತರಹಳ್ಳಿಯು, ಬಡಾವಣೆಗಳು ಹಬ್ಬುವುದಕ್ಕೆ ಮುಂಚೆ, ಹೊಲಗಳೂ ಕೆರೆಗಳೂ ಕೂಡಿದ ಸೀಮೆಯಾಗಿದ್ದಿತು. ಇಂತಹ ಬಯಲುಸೀಮೆಯ ಊರುಗಳಲ್ಲಿ ಒಕ್ಕಲಿಗನು ಬದುವಿನ ಮೇಲೆದ್ದ ಹುತ್ತಕ್ಕೆ ಗುದ್ದಲಿ ಸೋಕಿಸದೆ, ನೇಗಿಲನ್ನು ಅದರ ಸುತ್ತ ಬಳಸಿ ಹೊಡೆದು, ವರ್ಷಕ್ಕೊಮ್ಮೆ ತನಿಯೆರೆದು ಕೈಮುಗಿಯುತ್ತಿದ್ದನು. ಆ ಹುತ್ತವನ್ನು ಕಟ್ಟಿದುದು ಗೆದ್ದಲು, ಆರಿಸಿಕೊಂಡುದು ನಾಗರಹಾವು. ಬೇಸಗೆಯ ಉರಿಯಲ್ಲಿ ತಂಪನ್ನೂ ಮಾಗಿಯ ಇರುಳಿನಲ್ಲಿ ಬೆಚ್ಚನೆಯನ್ನೂ ಕಾಯ್ದುಕೊಳ್ಳುವ, ಪೊರೆ ಕಳಚುವುದಕ್ಕೆ ಬೇಕಾದ ತೇವವುಳ್ಳ ಆ ಮನೆಯಲ್ಲಿ ದೊರೆಯದುದನ್ನು ಅದು ಹೊರಗಿನ ಹೊಲದಲ್ಲಿ ಪಡೆಯುತ್ತಿದ್ದಿತು. ಹಾವಿಗೆಷ್ಟು ಜಾಗ ಬೇಕೆಂದು ಮನುಷ್ಯನು ಎಣಿಸಬೇಕಾಗಿರಲಿಲ್ಲ.

ಆ ಎಣಿಕೆಯು ಮನುಷ್ಯನ ಪಾಲಿಗೆ ಬಂದುದು ಹಾವಾಡಿಗನ ಬಿದಿರ ಬುಟ್ಟಿಯೊಡನೆ. ನಾಲ್ಕೈದು ಅಡಿಯ ನಾಗರವು ಸುರುಳಿ ಸುತ್ತಿಕೊಂಡರೆ ಮಾತ್ರ ಹಿಡಿಸುವ, ಹೆಗಲಿಗೆ ಭಾರವಾಗದೆ ಊರಿಂದೂರಿಗೆ ಸಾಗಬೇಕಾದ ಆ ಬುಟ್ಟಿಯ ಗಾತ್ರವನ್ನು ನಿಶ್ಚಯಿಸಿದುದು ಹೊರುವವನ ಅನುಕೂಲ. ಹಲ್ಲು ಕಿತ್ತ ಹಾವುಗಳನ್ನು ನಾಗರಪಂಚಮಿಗೆ ಮುಂಚೆ ಬಾಯಾರಿಸಿ ಇಟ್ಟು, ಅವುಗಳ ಆಹಾರವೇ ಅಲ್ಲದ ಹಾಲನ್ನು ಭಕ್ತರ ಕಣ್ಣೆದುರು ಕುಡಿಸುವ ಕ್ರಮವೂ ಈ ವೃತ್ತಿಯೊಳಗೆ ಸೇರಿದ್ದಿತು. ಆದರೂ ಪುಂಗಿಯೊಂದನ್ನೇ ನಂಬಿ ಬಾಳಿದ, ಹಾವಿನ ಸ್ವಭಾವವನ್ನು ವಂಶಪರಂಪರೆಯಾಗಿ ಅರಿತಿದ್ದ ಆ ಬಡವರನ್ನು ಜರೆಯಲು ನನಗೆ ಮನಸ್ಸು ಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅವರ ಬುಟ್ಟಿಗಳನ್ನು ಬರಿದುಮಾಡಿದುದು ನ್ಯಾಯವೇ ಆದರೂ, ಅವರ ಅರಿವಿಗೆ ಬೇರೊಂದು ಉದ್ಯೋಗವನ್ನು ತಕ್ಕಷ್ಟು ಒದಗಿಸದೆ ಹೋದುದು ನಮ್ಮ ಸಮಾಜದ ಲೋಪವೆಂದೇ ನಾನು ಭಾವಿಸುತ್ತೇನೆ.

ಸುರುಳಿ ಸುತ್ತಿ ಮಲಗಿದ ಹಾವಿಗೆ ಅಷ್ಟೇ ಜಾಗ ಸಾಕೆಂಬ ನಂಬಿಕೆಯು ಮಾತ್ರ ಬುಟ್ಟಿಯೊಡನೆ ಅಳಿಯಲಿಲ್ಲ. ಅದು ಗಾಜಿನ ಪೆಟ್ಟಿಗೆಯೊಳಗೂ ನುಸುಳಿದ್ದಿತು. ಲೋಕದ ಮೊದಲನೆಯ ಉರಗಗೃಹವೆನಿಸಿದ, 1849ರಲ್ಲಿ ತೆರೆದ ಲಂಡನ್ ಮೃಗಾಲಯದ ಉರಗಗೃಹದಿಂದ ಮೊದಲ್ಗೊಂಡು ಗಾಜಿನ ಹಿಂದೆ ಹಾವನ್ನಿರಿಸಿ ನೋಡುವ ಪದ್ಧತಿಯು ದೇಶದೇಶಗಳಿಗೆ ಹರಡಿತು. ಮಲಯದಲ್ಲಿ 1937ರಲ್ಲಿ ಸೆರೆಸಿಕ್ಕಿ ಅದೇ ಮೃಗಾಲಯವನ್ನು ಸೇರಿದ ಕಾಳಿಂಗಸರ್ಪವೊಂದು 18 ಅಡಿ 9 ಅಂಗುಲ ಬೆಳೆದು, 1939ರಲ್ಲಿ ಯುದ್ಧವು ಮೊದಲಾದೊಡನೆ, ಹೊರಬಿದ್ದೀತೆಂಬ ಭಯದಿಂದ ಕೊಲ್ಲಲ್ಪಟ್ಟಿತು. ಅದೇ ಜಾತಿಯ ಸರ್ಪಗಳು ನಮ್ಮ ಆಗುಂಬೆಯ ಕಾಡಿನಲ್ಲಿ, ಉರಗತಜ್ಞ ರಾಮುಲಸ್ ವಿಟೇಕರ್ ಅವರು 2005ರಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರದವರು ರೇಡಿಯೊ ಪ್ರೇಷಕವನ್ನಿಟ್ಟು ಹಿಂಬಾಲಿಸಿದಾಗ, ಕಿಲೋಮೀಟರುಗಟ್ಟಲೆ ಸಂಚರಿಸುವುದು ಕಂಡುಬಂದಿತು. ಅಂತಹ ದೇಹವನ್ನು ಪೆಟ್ಟಿಗೆಯ ಲೆಕ್ಕದಲ್ಲಿ ಅಳೆಯಹೊರಟವರು, ಉದ್ದಗಲಗಳೆರಡೂ ಕೂಡಿ ಹಾವಿನ ಉದ್ದಕ್ಕೆ ಸಮವಾದರೆ ಸಾಕೆಂಬ ಸೂತ್ರವನ್ನು ಬಹುಕಾಲ ಅನುಸರಿಸಿದರು. ಅವಕಾಶ ದೊರೆತಾಗ ಹಾವುಗಳು ಮೈಚಾಚಿ ನೇರವಾಗಿ ಮಲಗುವುದು ಅಪರೂಪವಲ್ಲವೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದ ಮೇಲೆ, ಪೂರ್ಣದೈರ್ಘ್ಯಕ್ಕಿಂತ ಕಿರಿದಾದ ಮನೆ ಸಲ್ಲದೆಂಬ ಪಕ್ಷಕ್ಕೆ ಬಲ ಬಂದಿತು; ನನ್ನ ಒಲವೂ ಆ ಪಕ್ಷಕ್ಕೇ.

ಈ ವಿಚಾರವು ಬೆಂಗಳೂರಿಗೆ ದೂರದ್ದಾಗಿ ಉಳಿದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಕೆಂಪೇಗೌಡ ವಿಮಾನನಿಲ್ದಾಣಕ್ಕೆ ಬಂದ ಚೀಲವೊಂದರಲ್ಲಿ 55 ಬಾಲ್ ಪೈಥಾನ್‌ಗಳೂ 17 ಕಾಳಿಂಗಸರ್ಪಗಳೂ ದೊರೆತವು. ಹಾವಾಡಿಗನ ಬುಟ್ಟಿಯಲ್ಲಿದ್ದಷ್ಟು ಗಾಳಿಯೂ ಅವುಗಳ ಪಾಲಿಗಿರಲಿಲ್ಲವೆಂಬುದನ್ನು ನೆನೆದರೆ ಸಂಕಟವಾಗುತ್ತದೆ. ನಮ್ಮ ನೆಲದ ನಾಗರ, ಕೇರೆ, ಹೆಬ್ಬಾವುಗಳನ್ನು ಮನೆಯಲ್ಲಿ ಸಾಕುವುದನ್ನು ಕಾನೂನು ಒಪ್ಪದು. ಪಶ್ಚಿಮ ಆಫ್ರಿಕದ ಬಾಲ್ ಪೈಥಾನಿನಂತಹ ಪರದೇಶದ ಹಾವನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ನೋಂದಾಯಿಸಬೇಕು. ಹೀಗೆ ನೋಂದಾಯಿಸಿದ ನಾಲ್ಕಡಿಯ ಹಾವೊಂದು ಉತ್ತರಹಳ್ಳಿಯ ಮನೆಯೊಂದರಲ್ಲಿದ್ದರೆ, ಹಳೆಯ ಸೂತ್ರದ ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ಪೆಟ್ಟಿಗೆಯ ಬದಲಿಗೆ ನಾಲ್ಕಡಿಗೆ ಕಡಿಮೆಯಿಲ್ಲದ ಉದ್ದವೂ ಎರಡಡಿ ಅಗಲವೂ ಅದಕ್ಕಿರಲಿ. ಒಂದು ತುದಿ 32 ಡಿಗ್ರಿಯಷ್ಟು ಬೆಚ್ಚಗೂ ಇನ್ನೊಂದು ಅದಕ್ಕಿಂತ ಐದಾರು ಡಿಗ್ರಿ ತಂಪಾಗಿಯೂ ಇರಲಿ. ಅಡಗುದಾಣವಿಲ್ಲದ ಬರಿಯ ವಿಶಾಲತೆಯಲ್ಲಿ ಹಾವು ಬೆದರಿ ಆಹಾರವನ್ನೇ ಬಿಡುವುದುಂಟಾದುದರಿಂದ, ಎರಡೂ ತುದಿಗಳಲ್ಲಿ ಮೈ ಮರೆಸುವಷ್ಟು ಇಕ್ಕಟ್ಟಾದ ಗೂಡೊಂದೊಂದು ಇರಲೇಬೇಕು.