ಜಪಾನೀಯರ ಭಯಾನಕ ಚಿತ್ರಕಥೆಗಳು

ಭಯವು ಲೋಕದಲ್ಲಿ ಯಾರಿಗೂ ಬೇಡವಾದುದು; ಕಾವ್ಯದಲ್ಲಾದರೋ ಎಲ್ಲರಿಗೂ ಬೇಕಾದುದು. ಕಾಡಿನಲ್ಲಿ ಹುಲಿಯ ಗರ್ಜನೆಯನ್ನು ಕೇಳಿದವನು ಓಡಿಹೋಗುವನು. ಹುಲಿಯ ಕತೆಯನ್ನು ಕೇಳುವವನು ಕತೆಗಾರನ ಬಳಿಗೆ ಇನ್ನಷ್ಟು ಸರಿದು ಕುಳಿತುಕೊಳ್ಳುವನು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಣಿಸಿರುವ ಎಂಟು ರಸಗಳಲ್ಲಿ ಭಯಾನಕವೂ ಬೀಭತ್ಸವೂ ಸೇರಿವೆ. ಬೀಭತ್ಸದಿಂದಲೇ ಭಯಾನಕವು ಹುಟ್ಟುವುದೆಂದೂ ಆತನು ಹೇಳಿರುವನು. ಅಭಿನವಗುಪ್ತನು ರಸದ ಸ್ವರೂಪವನ್ನು ವಿವರಿಸಹೊರಟಾಗ ಎತ್ತಿಕೊಂಡ ಉದಾಹರಣೆಯೂ ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ಬಾಣಕ್ಕೆ ಹೆದರಿ ಓಡುವ ಜಿಂಕೆಯದೇ. ಆ ಭಯವು ಜಿಂಕೆಯದೂ ಅಲ್ಲ, ನೋಡುವವನದೂ ಅಲ್ಲ. ದೇಶಕಾಲಗಳ ಕಟ್ಟನ್ನು ಕಳಚಿಕೊಂಡು ಕೇವಲ ಭಯವಾಗಿ ಹೃದಯದಲ್ಲಿ ನಿಲ್ಲುವುದರಿಂದಲೇ ಅದು ಆಸ್ವಾದಯೋಗ್ಯವಾಗುವುದೆಂಬುದು ಆತನ ಮತ.

ಈ ರಸವೊಂದನ್ನೇ ಪ್ರಧಾನವಾಗಿಟ್ಟುಕೊಂಡು, ಮಾತಿಗಿಂತ ಚಿತ್ರವನ್ನೇ ಹೆಚ್ಚಾಗಿ ನಂಬಿ, ಒಂದು ವಿಸ್ತಾರವಾದ ವಾಙ್ಮಯವನ್ನು ಬೆಳೆಯಿಸಿದವರು ಜಪಾನೀಯರು. ಚಿತ್ರಕಥೆಗೆ ಅವರು ‘ಮಂಗಾ’ ಎನ್ನುವರು. ಪ್ರಸಿದ್ಧ ಚಿತ್ರಕಾರನಾದ ಹೊಕುಸಾಯಿಯು 1814ರಲ್ಲಿ ಪ್ರಕಟಿಸತೊಡಗಿದ ರೇಖಾಚಿತ್ರಗಳ ಸಂಪುಟಗಳಿಗೂ ಅದೇ ಹೆಸರಿತ್ತು. ಇಂದಿನ ಅರ್ಥವು ಅದಕ್ಕೆ ಬಂದುದು ತರುವಾಯ. ಭಯಾನಕ ಮಂಗಾಗಳ ಚರಿತ್ರೆಯನ್ನು ಕ್ರಮವಾಗಿ ನೋಡಿದರೆ ಒಂದು ಸಂಗತಿಯು ಸ್ಪಷ್ಟವಾಗುವುದು. ತಲೆಮಾರಿನಿಂದ ತಲೆಮಾರಿಗೆ ಭಯದ ಸ್ಥಾನವು ಮನುಷ್ಯನ ಸಮೀಪಕ್ಕೆ ಬಂದಿದೆ. ಮೊದಲು ಅದು ಮಸಣದಲ್ಲಿತ್ತು. ಆಮೇಲೆ ಮನೆಯನ್ನು ಹೊಕ್ಕಿತು. ಕಡೆಗೆ ನೋಡುವ ಕಣ್ಣಿನಲ್ಲಿಯೇ ನೆಲೆಸಿತು.

ಈ ಚಿತ್ರಗಳ ಮೂಲವು ಒಂದು ದೃಷ್ಟಿಯಿಂದ ಭರತಖಂಡಕ್ಕೆ ಬಂದು ಸೇರುವುದು. ಬೌದ್ಧಮತದೊಡನೆ ಚೀನ ಕೊರಿಯಾಗಳ ಮಾರ್ಗವಾಗಿ ಆ ದ್ವೀಪಗಳನ್ನು ಹೊಕ್ಕವರಲ್ಲಿ ಯಮನೂ ಪ್ರೇತಗಳೂ ಯಕ್ಷರಾಕ್ಷಸರೂ ಇದ್ದರು. ಯಮನು ಅಲ್ಲಿ ‘ಎನ್ಮಾ’ ಆದನು, ಯಕ್ಷನು ‘ಯಾಶ’ನಾದನು, ರಾಕ್ಷಸನು ‘ರಸೆತ್ಸು’ ಆದನು. ಪ್ರೇತವೆಂಬ ಶಬ್ದವನ್ನು ಚೀನೀಯರು ‘ಹಸಿದ ಭೂತ’ವೆಂದು ಪರಿವರ್ತಿಸಿದರು, ಆ ಅಕ್ಷರಗಳನ್ನೇ ಜಪಾನೀಯರು ‘ಗಾಕಿ’ ಎಂದು ಓದುವರು. 12ನೆಯ ಶತಮಾನದ ಕೊನೆಯ ಭಾಗದಲ್ಲಿ ಬರೆಯಲ್ಪಟ್ಟ ನರಕದ ಸುರುಳಿಗಳೂ ಗಾಕಿಗಳ ಸುರುಳಿಗಳೂ ಇಂದಿಗೂ ಉಳಿದಿವೆ. ಉಬ್ಬಿದ ಹೊಟ್ಟೆ, ಸಣಕಲಾದ ಕೊರಳು, ತೀರದ ದಾಹ ಇವು ಗಾಕಿಯ ಲಕ್ಷಣಗಳು. ಅದೇ ಶಬ್ದಕ್ಕೆ ಇಂದಿನ ಆಡುಮಾತಿನಲ್ಲಿ ತುಂಟ ಹುಡುಗನೆಂಬ ಅರ್ಥವು ಬಂದಿರುವುದು ವಿನೋದಕರವಾಗಿದೆ. ದೇಹದ ಮೋಹವನ್ನು ಬಿಡಿಸುವುದಕ್ಕಾಗಿ ಬೌದ್ಧಭಿಕ್ಷುಗಳು ಅಭ್ಯಾಸಮಾಡುತ್ತಿದ್ದ ಅಶುಭಭಾವನೆಯೂ ಅಲ್ಲಿ ಚಿತ್ರರೂಪವನ್ನು ತಾಳಿತು. ಸುಂದರಿಯೊಬ್ಬಳ ಶವವು ಒಂಬತ್ತು ಅವಸ್ಥೆಗಳಲ್ಲಿ ಕೊಳೆತು ಎಲುಬಾಗುವುದನ್ನು ಆ ಚಿತ್ರಗಳು ತೋರಿಸುವುವು. ಅವುಗಳ ಉದ್ದೇಶವು ವೈರಾಗ್ಯವೇ ಹೊರತು ವಿನೋದವಲ್ಲ. ಆದರೆ ಸುರುಳಿಯನ್ನು ಬಲದಿಂದ ಎಡಕ್ಕೆ ಬಿಚ್ಚುತ್ತ ಹೋಗುವವನಿಗೆ ಮುಂದೇನು ಕಾಣುವುದೋ ಎಂಬ ಅಳುಕೂ ಕುತೂಹಲವೂ ಒಟ್ಟಿಗೆ ಹುಟ್ಟುತ್ತಿದ್ದುವು. ಆ ಅಳುಕೇ ಮುಂದಿನ ಕಲೆಗೆ ಬಂಡವಾಳವಾಯಿತು.

ಎದೋ ರಾಜಧಾನಿಯ ಕಾಲದಲ್ಲಿ, ಎಂದರೆ 17ನೆಯ ಶತಮಾನದ ಮೊದಲಿನಿಂದ 19ನೆಯ ಶತಮಾನದ ನಡುವಿನವರೆಗೆ, ಭಯವು ಧರ್ಮದ ಕೈಯಿಂದ ಪೇಟೆಯ ಕೈಗೆ ಬಂದಿತು. ರಾತ್ರಿಯಲ್ಲಿ ಜನರು ನೂರು ದೀಪಗಳನ್ನು ಹಚ್ಚಿಕೊಂಡು ಕುಳಿತು, ಒಂದೊಂದು ಭೂತದ ಕತೆ ಮುಗಿದಂತೆ ಒಂದೊಂದು ದೀಪವನ್ನು ಆರಿಸುತ್ತ ಬರುವ ಗೋಷ್ಠಿಗಳು ನಡೆಯುತ್ತಿದ್ದುವು. ಕಡೆಯ ದೀಪವು ಆರಿದಾಗ ನಿಜವಾದ ಭೂತವೇ ಬರುವುದೆಂದು ನಂಬಿಕೆ. 1776ರಲ್ಲಿ ತೋರಿಯಾಮಾ ಸೆಕಿಯೆನ್ ಎಂಬ ಚಿತ್ರಕಾರನು, ಪುಟಕ್ಕೊಂದರಂತೆ ಭೂತಗಳನ್ನು ಹೆಸರುಸಹಿತವಾಗಿ ಬರೆದು ಅಚ್ಚುಹಾಕಿಸಿದನು. ಒಂದು ಬಗೆಯಲ್ಲಿ ಅದು ಭೂತಗಳ ಅಮರಕೋಶ. 1825ರಲ್ಲಿ ನಾಲ್ಕನೆಯ ತ್ಸುರುಯಾ ನಾಂಬೊಕು ಎಂಬ ನಾಟಕಕಾರನು ‘ಯೋತ್ಸುಯಾ ಕಾಯಿದಾನ್’ ಎಂಬ ನಾಟಕವನ್ನು ರಂಗಕ್ಕೆ ತಂದನು. ಔಷಧವೆಂದು ವಿಷವನ್ನು ಕುಡಿದ ಓಯಿವಾ ಎಂಬ ಗೃಹಿಣಿಯ ಮುಖವು ವಿಕಾರವಾಗುವುದು. ಅವಳು ತಲೆಯನ್ನು ಬಾಚಿಕೊಳ್ಳುವಾಗ ಕೂದಲು ಹಿಡಿಹಿಡಿಯಾಗಿ ಉದುರುವುದು. ಸತ್ತ ಬಳಿಕ ಅವಳು ಗಂಡನನ್ನು ಬಿಡದೆ ಕಾಡುವಳು. ಬೇಸಗೆಯಲ್ಲಿ ಮೈ ತಣ್ಣಗಾಗಲೆಂದು ಇಂತಹ ನಾಟಕಗಳನ್ನು ನೋಡುವುದು ಅಲ್ಲಿಯ ವಾಡಿಕೆ. ಕೆಲವೇ ವರ್ಷಗಳಲ್ಲಿ ಹೊಕುಸಾಯಿಯು ಅದೇ ಓಯಿವಾಳನ್ನು ಹರಿದ ಕಾಗದದ ದೀಪವಾಗಿ ಚಿತ್ರಿಸಿದನು. ಬಾಚಣಿಗೆ, ದೀಪ, ಔಷಧದ ಬಟ್ಟಲು ಇವೆಲ್ಲ ಮನೆಯ ವಸ್ತುಗಳು. ಮುಂದೆ ಬೆಳೆಯಬೇಕಾದ ಮರದ ಬೀಜವು ಇಲ್ಲಿದೆ.

1930ರ ಸುಮಾರಿಗೆ ಜಪಾನಿನ ನಗರಗಳಲ್ಲಿ ‘ಕಾಮಿಶಿಬಾಯಿ’ ಎಂಬ ಕಾಗದದ ನಾಟಕವು ಪ್ರಚಾರಕ್ಕೆ ಬಂದಿತು. ಕೆಲಸವಿಲ್ಲದ ಬಡವರು ಬೈಸಿಕಲ್ಲಿನ ಮೇಲೆ ಮರದ ಚೌಕಟ್ಟೊಂದನ್ನು ಕಟ್ಟಿಕೊಂಡು ಬೀದಿಬೀದಿಗಳಲ್ಲಿ ನಿಲ್ಲುವರು. ಮಕ್ಕಳಿಗೆ ಮಿಠಾಯಿಯನ್ನು ಮಾರುವರು. ಕೊಂಡ ಮಕ್ಕಳಿಗೆ ಚಿತ್ರಗಳನ್ನು ಒಂದೊಂದಾಗಿ ಎಳೆದು ಕತೆ ಹೇಳುವರು. ಆ ಕತೆಗಳಲ್ಲಿ ‘ಮಸಣದ ಕಿತಾರೊ’ ಎಂಬುದೊಂದು. ಅದರ ಮೂಲವು ಹಳೆಯ ಜನಪದಕತೆ. ಗರ್ಭಿಣಿಯೊಬ್ಬಳು ಸತ್ತು ಹೂಳಲ್ಪಡುವಳು. ಆ ಮೇಲೆ ಪ್ರತಿರಾತ್ರಿ ಬಿಳಿಯ ಮುಖದ ಹೆಂಗಸೊಬ್ಬಳು ಅಂಗಡಿಗೆ ಬಂದು ಒಂದು ಕಾಸಿನ ಮಿಠಾಯಿಯನ್ನು ಕೊಂಡುಹೋಗುವಳು. ಆರು ರಾತ್ರಿ ಹೀಗಾಗುವುದು. ಪರಲೋಕದ ನದಿಯನ್ನು ದಾಟಲೆಂದು ಶವದೊಡನೆ ಇಟ್ಟಿದ್ದುದು ಆರೇ ಕಾಸು. ಅಂಗಡಿಯವನು ಅವಳನ್ನು ಹಿಂಬಾಲಿಸಿ ಹೋದರೆ ಗೋರಿಯೊಳಗೆ ಕೂಸು ಅಳುತ್ತಿರುವುದು. ಸತ್ತರೂ ಹಾಲೂಡಿಸುವುದನ್ನು ಮರೆಯದ ಈ ತಾಯಿಯ ಕತೆಯಲ್ಲಿ ಭಯಾನಕವು ಕರುಣದೊಡನೆ ಬೇರ್ಪಡಿಸಲಾರದಂತೆ ಬೆರೆತುಕೊಂಡಿದೆ.

ಈ ಕಿತಾರೊನನ್ನು ಮಂಗಾಕ್ಕೆ ತಂದವರು ಮಿಜುಕಿ ಶಿಗೇರು (1922–2015). ಸಕಾಯಿಮಿನಾತೊ ಎಂಬ ರೇವುಪಟ್ಟಣದಲ್ಲಿ ಬಾಲ್ಯವನ್ನು ಕಳೆದ ಇವರಿಗೆ ಮನೆಗೆ ಬರುತ್ತಿದ್ದ ಮುದುಕಿಯೊಬ್ಬಳು ಭೂತಗಳ ಕತೆಗಳನ್ನು ಹೇಳುತ್ತಿದ್ದಳು. ಎರಡನೆಯ ಮಹಾಯುದ್ಧದಲ್ಲಿ ಇವರನ್ನು ಸೈನ್ಯಕ್ಕೆ ಸೇರಿಸಿಕೊಂಡು ನ್ಯೂ ಬ್ರಿಟನ್ ದ್ವೀಪದ ರಬೌಲಿಗೆ ಕಳುಹಿಸಿದರು. ಅಲ್ಲಿ ಮಲೇರಿಯ ಜ್ವರಕ್ಕೆ ಗುರಿಯಾಗಿ, ವೈಮಾನಿಕ ದಾಳಿಯಲ್ಲಿ ಎಡಗೈಯನ್ನು ಕಳೆದುಕೊಂಡರು. ಊರಿಗೆ ಮರಳಿದ ಮೇಲೆ ಉಳಿದ ಒಂದು ಕೈಯಿಂದಲೇ ಕಾಗದದ ನಾಟಕಗಳಿಗೆ ಚಿತ್ರ ಬರೆದು ಹೊಟ್ಟೆಹೊರೆದರು. ದೂರದರ್ಶನವು ಬಂದು ಆ ಬೀದಿಯ ನಾಟಕವು ಕ್ಷೀಣಿಸಲು, ಬಾಡಿಗೆಗೆ ಓದಲು ಕೊಡುವ ಅಗ್ಗದ ಪುಸ್ತಕಗಳಿಗೆ ಬರೆಯತೊಡಗಿದರು. 1960ರಲ್ಲಿ ಇವರ ‘ಮಸಣದ ಕಿತಾರೊ’ ಹೊರಟಿತು. ಗೋರಿಯಿಂದ ಹುಟ್ಟಿದ ಒಂಟಿಗಣ್ಣಿನ ಹುಡುಗ. ದೇಹವೆಲ್ಲ ಕರಗಿಹೋದರೂ ಮಗನನ್ನು ನೋಡಿಕೊಳ್ಳುವುದಕ್ಕಾಗಿ ಒಂದು ಕಣ್ಣುಗುಡ್ಡೆಯಾಗಿ ಉಳಿದ ತಂದೆ. 1968ರಲ್ಲಿ ಈ ಕತೆಯು ಚಲಿಸುವ ಚಿತ್ರವಾಗಿ ದೂರದರ್ಶನಕ್ಕೆ ಬಂದಾಗ ಮಸಣವೆಂಬ ಶಬ್ದವು ಅಶುಭವೆಂದು ಹೆಸರನ್ನು ‘ಗೆಗೆಗೆನೊ ಕಿತಾರೊ’ ಎಂದು ಬದಲಾಯಿಸಿದರು. ಮಿಜುಕಿಯವರ ಭೂತಗಳು ಬರಬರುತ್ತ ಭಯಕ್ಕಿಂತ ಸ್ನೇಹವನ್ನೇ ಹೆಚ್ಚಾಗಿ ಹುಟ್ಟಿಸುವುವು. ಇದರ ಕಾರಣವು 1973ರಲ್ಲಿ ಅವರು ಬರೆದ ಯುದ್ಧದ ಕತೆಯಲ್ಲಿ ದೊರೆಯುವುದು. ಗೌರವದ ಹೆಸರಿನಲ್ಲಿ ಸಾಯಲೇಬೇಕೆಂದು ಹಸಿದ ಸೈನಿಕರನ್ನು ಅಧಿಕಾರಿಗಳು ಅಟ್ಟುವುದನ್ನು ಅದರಲ್ಲಿ ಚಿತ್ರಿಸಿದ್ದಾರೆ. ಆ ಪುಸ್ತಕವನ್ನು ಭಯಾನಕವಾಗಿಸುವುದಕ್ಕೆ ಭೂತವು ಬೇಕಾಗಲಿಲ್ಲ, ಮನುಷ್ಯರೇ ಸಾಕಾದರು.

ಭಯವನ್ನು ಮಸಣದಿಂದ ಮನೆಯೊಳಕ್ಕೆ ತಂದವರು ಉಮೆಜು ಕಾಜುವೊ (1936–2024). 1965ರಲ್ಲಿ ಹೆಣ್ಣುಮಕ್ಕಳ ಪತ್ರಿಕೆಯೊಂದರಲ್ಲಿ ಇವರು ಬರೆದ ಕತೆಯ ಹೆಸರು ‘ಅಮ್ಮನನ್ನು ಕಂಡರೆ ಭಯ’ ಎಂದರ್ಥವಾಗುವುದು. ಆಸ್ಪತ್ರೆಯಲ್ಲಿದ್ದ ತಾಯಿಯ ಸ್ಥಾನದಲ್ಲಿ, ಅವಳದೇ ರೂಪದ ಸರ್ಪಸ್ತ್ರೀಯು ಮನೆಗೆ ಬರುವಳು. ಮಗಳಿಗೆ ಮಾತ್ರ ಅದು ತಿಳಿಯುವುದು, ಅವಳ ಮಾತನ್ನು ಯಾರೂ ನಂಬರು. ಮಕ್ಕಳು ಹೆದರಿದಾಗ ಓಡಿಹೋಗುವುದು ತಾಯಿಯ ಬಳಿಗೆ. ತಾಯಿಯೇ ಭಯದ ಸ್ಥಾನವಾದರೆ ಓಡುವುದೆಲ್ಲಿಗೆ? ಚಿತ್ರದ ಕ್ರಮದಲ್ಲಿಯೂ ಉಮೆಜು ಅವರ ಕೌಶಲವು ದೊಡ್ಡದು. ಜಪಾನೀ ಪುಸ್ತಕವನ್ನು ಬಲದಿಂದ ಎಡಕ್ಕೆ ಓದುವರು. ಎಡಪುಟದ ಕಡೆಯ ಚೌಕದಲ್ಲಿ ಹುಡುಗಿಯು ಕಣ್ಣರಳಿಸಿ ಏನನ್ನೋ ನೋಡುತ್ತಿರುವಳು. ಅವಳು ಕಂಡುದು ಪುಟದ ಹಿಂಬದಿಯಲ್ಲಿರುವುದು. ನಾಟಕದಲ್ಲಿ ತೆರೆಯನ್ನು ಸರಿಸುವವನು ಬೇರೊಬ್ಬನು. ಇಲ್ಲಿ ಪುಟವನ್ನು ಮಗುಚುವುದು ಓದುವವನ ಕೈಯೇ. ಬೇಡವೆಂದುಕೊಂಡೇ ಮಗುಚುವುದರಿಂದ ಆ ಭಯವನ್ನು ಒಳಗೆ ಕರೆದ ಹೊಣೆಯು ಅವನ ಮೇಲೆಯೇ ಬೀಳುವುದು.

1972ರಿಂದ 1974ರವರೆಗೆ ಪ್ರಕಟವಾದ ಇವರ ‘ತೇಲಿಹೋದ ಶಾಲೆ’ ಎಂಬರ್ಥದ ಕೃತಿಯು ಈ ಮಾರ್ಗದ ಮಹಾಕಾವ್ಯವೆನ್ನಬಹುದು. ಒಂದು ಪ್ರಾಥಮಿಕ ಶಾಲೆಯು ತನ್ನೊಳಗಿದ್ದ 862 ಜನರೊಡನೆ ಇದ್ದಕ್ಕಿದ್ದಂತೆ ಮಾಯವಾಗಿ, ಹಾಳಾಗಿ ಮರಳುಗಾಡಾದ ಭವಿಷ್ಯದ ಭೂಮಿಗೆ ಹೋಗಿ ಬೀಳುವುದು. ಹಿರಿಯರು ಧೈರ್ಯಗೆಟ್ಟು ಹುಚ್ಚರಾಗುವರು. ಬದುಕನ್ನು ಕಟ್ಟಿಕೊಳ್ಳುವ ಭಾರವು ಮಕ್ಕಳ ಮೇಲೆ ಬೀಳುವುದು. ಮಿನಾಮಾತ ಎಂಬಲ್ಲಿ ಕಾರ್ಖಾನೆಯ ಪಾದರಸದಿಂದ ಜನರು ನರಳುತ್ತಿದ್ದುದು 1956ರಲ್ಲಿ ಬೆಳಕಿಗೆ ಬಂದಿತ್ತು. ನೆಲ ಜಲಗಳನ್ನು ಕೆಡಿಸಿ ಸಂಪಾದಿಸಿದ ಐಶ್ವರ್ಯದ ಮೇಲೆ ಆ ದೇಶದಲ್ಲಿಯೇ ಸಂಶಯವು ಹುಟ್ಟಿದ್ದ ಕಾಲವದು. ಕಥಾನಾಯಕನಾದ ಹುಡುಗನು ಅಂದು ಬೆಳಗ್ಗೆ ತಾಯಿಯೊಡನೆ ಜಗಳವಾಡಿ ಮನೆಯನ್ನು ಬಿಟ್ಟವನು. ಲೋಕವೆಲ್ಲ ಮಗನು ಸತ್ತನೆಂದರೂ ತಾಯಿ ಒಪ್ಪಳು; ಅವನಿಗೆ ಬೇಕಾದ ಔಷಧವನ್ನು ತನ್ನ ಕಾಲದಲ್ಲಿ ಬಚ್ಚಿಟ್ಟು, ಅವನ ಕಾಲದಲ್ಲಿ ಅವನ ಕೈಗೆ ಸಿಗುವಂತೆ ಮಾಡುವಳು. ಮಿಠಾಯಿ ಕೊಂಡುಹೋದ ಗೋರಿಯ ತಾಯಿಯೇ ಇಲ್ಲಿ ಮತ್ತೊಂದು ವೇಷದಲ್ಲಿ ಬಂದಿರುವಳು.

ಮೂರನೆಯ ಘಟ್ಟವು ಇತೋ ಜುಂಜಿಯವರದು. 1963ರಲ್ಲಿ ಗಿಫು ಪ್ರಾಂತದಲ್ಲಿ ಜನಿಸಿ, ಕೃತಕದಂತಗಳನ್ನು ತಯಾರಿಸುವ ವೃತ್ತಿಯಲ್ಲಿದ್ದ ಇವರು 1987ರಲ್ಲಿ ‘ತೋಮಿಯೆ’ ಎಂಬ ಕತೆಯನ್ನು ಉಮೆಜು ಅವರ ಹೆಸರಿನ ಸ್ಪರ್ಧೆಗೆ ಕಳುಹಿಸಿ ಮನ್ನಣೆಯನ್ನು ಪಡೆದರು. ವಿದ್ಯಾರ್ಥಿದೆಸೆಯಲ್ಲಿ ಸಹಪಾಠಿಯೊಬ್ಬನು ಸತ್ತಾಗ, ನಿನ್ನೆಯಿದ್ದವನು ಇನ್ನಿಲ್ಲವೆಂಬುದು ಇವರ ಮನಸ್ಸಿಗೆ ಹಿಡಿಯಲಿಲ್ಲ. ಅವನು ಏನೂ ಆಗದವನಂತೆ ಮತ್ತೆ ಬಂದಾನೆಂದೇ ತೋರುತ್ತಿತ್ತು. ಆ ಅನುಭವದಿಂದ ತೋಮಿಯೆ ಹುಟ್ಟಿದಳು. ಕೊಂದು ತುಂಡರಿಸಿದ ಸುಂದರಿಯು ಮರಳಿ ತರಗತಿಗೆ ಬರುವಳು. ಅವಳ ಪ್ರತಿಯೊಂದು ತುಂಡೂ ಮತ್ತೊಬ್ಬ ತೋಮಿಯೆಯಾಗಿ ಬೆಳೆಯುವುದು. ಹಿಂದಿನ ಚಿತ್ರಗಳಲ್ಲಿ ಸುಂದರಿಯ ಶವವು ಕೊಳೆತು ವೈರಾಗ್ಯವನ್ನು ಬೋಧಿಸುತ್ತಿತ್ತು. ಈ ಸುಂದರಿಯು ಕೊಳೆಯಲೊಲ್ಲಳು, ನೋಡಿದವರ ಮೋಹವೂ ಬಿಡಲೊಲ್ಲದು.

1998–99ರಲ್ಲಿ ಪ್ರಕಟವಾದ ಇವರ ‘ಉಜುಮಾಕಿ’ಯಲ್ಲಿ ಭೂತವಿಲ್ಲ, ಸರ್ಪವಿಲ್ಲ, ಕೊಲೆಗಾರನೂ ಇಲ್ಲ. ಉಜುಮಾಕಿಯೆಂದರೆ ಸುಳಿ, ಊರಿಗೆ ಹಿಡಿದಿರುವುದು ಕೇವಲ ಒಂದು ಆಕಾರ. ನೀರಿನ ಸುಳಿ, ತಲೆಯ ಸುಳಿ, ಶಂಖ, ಬಸವನಹುಳುವಿನ ಚಿಪ್ಪು, ಬೆರಳ ತುದಿಯ ಗೆರೆ, ಕುಂಬಾರನ ತಿಗುರಿ, ಹೊಗೆಯ ಉಂಗುರ ಎಲ್ಲೆಲ್ಲಿಯೂ ಅದೇ. ಒಬ್ಬನು ಅದನ್ನೇ ನೋಡುತ್ತ ನೋಡುತ್ತ ಕಡೆಗೆ ತನ್ನ ದೇಹವನ್ನೇ ಸುಳಿಯಾಗಿ ಸುತ್ತಿಕೊಂಡು ಸಾಯುವನು. ಹಾಸ್ಯದ ಮಂಗಾಗಳಲ್ಲಿ ನಗಿಸುವುದಕ್ಕಾಗಿ ಕೆನ್ನೆಯ ಮೇಲೆ ಬರೆಯುತ್ತಿದ್ದ ಸುಳಿಯ ಗುರುತನ್ನು ಇವರು ಭಯಕ್ಕೆ ತಿರುಗಿಸಿದುದು ರಸಶಾಸ್ತ್ರವನ್ನು ಓದಿದವರು ಗಮನಿಸತಕ್ಕ ವಿಷಯ. ಇತೋ ಅವರ ರೇಖೆಯು ಬಹು ಸೂಕ್ಷ್ಮ. ಕಪ್ಪು ಮಸಿಯ ಎಳೆಎಳೆಯಾದ ಗೆರೆಗಳಿಂದ ಮೊದಲು ಸಾಧಾರಣವಾದ ಬೀದಿಯನ್ನೂ ಕೋಣೆಯನ್ನೂ ಮುಖವನ್ನೂ ನಂಬುವಂತೆ ಕಟ್ಟುವರು; ಅದೇ ಗೆರೆಗಳಿಂದ ಅದನ್ನು ಕೆಡಿಸುವರು. ಪುಸ್ತಕವನ್ನು ಮುಚ್ಚಿದ ಬಳಿಕ ಓದುಗನು ತನ್ನ ಬೆರಳ ತುದಿಯನ್ನೇ ನೋಡಿ ಅಳುಕುವನು. 2019ರಲ್ಲಿಯೂ 2021ರಲ್ಲಿಯೂ ಅಮೆರಿಕದ ಐಸ್ನರ್ ಪ್ರಶಸ್ತಿಯು ಇವರಿಗೆ ದೊರೆಯಿತು.

ಇಂತಹ ಪುಸ್ತಕಗಳು ಮಕ್ಕಳ ಮನಸ್ಸನ್ನು ಕೆಡಿಸುವುವೆಂಬ ಆಕ್ಷೇಪವು ಜಪಾನಿನಲ್ಲಿಯೇ ಎದ್ದಿತು. 1955ರಲ್ಲಿ ದುಷ್ಟಪುಸ್ತಕಗಳನ್ನು ಹೊರಗಟ್ಟುವ ಚಳವಳಿಯು ದೇಶದಲ್ಲೆಲ್ಲ ಹಬ್ಬಿತು. ಕೆಲವೆಡೆ ಪುಸ್ತಕಗಳನ್ನು ಸುಟ್ಟುದೂ ಉಂಟು. ತಾಯಿತಂದೆಗಳ ಆ ಶಂಕೆಯನ್ನು ಅವಜ್ಞೆಯಿಂದ ಕಾಣಲಾಗದು. ಜುಗುಪ್ಸೆಯನ್ನು ಮಾತ್ರ ಮಾರುವ ಕೃತಿಗಳು ಅಲ್ಲಿಯೂ ಬೇಕಾದಷ್ಟಿವೆ; ಅವನ್ನು ಓದಿದವನಿಗೆ ಓಕರಿಕೆಯ ಹೊರತು ಬೇರೆ ಫಲವಿಲ್ಲ. ಆದರೆ ಮೇಲೆ ಹೇಳಿದ ಮೂವರಲ್ಲಿಯೂ ಭಯಕ್ಕೆ ಒಂದು ಆಧಾರವುಂಟು. ಮಿಜುಕಿಯವರಿಗೆ ಯುದ್ಧ, ಉಮೆಜು ಅವರಿಗೆ ಮಕ್ಕಳ ಅಸಹಾಯಕತೆ, ಇತೋ ಅವರಿಗೆ ಗೆಳೆಯನ ಮರಣ. ಹೆಸರಿಡಲಾಗದ ಭಯಕ್ಕೆ ಅವರು ರೂಪವನ್ನು ಕೊಟ್ಟರು. ರೂಪವನ್ನು ಪಡೆದ ಭಯವನ್ನು ಹತ್ತು ಜನರು ಕೂಡಿ ನೋಡಬಹುದು. ಕತ್ತಲೆಯಲ್ಲಿ ಒಬ್ಬನೇ ಹೆದರುವುದಕ್ಕಿಂತ ಅದು ಮೇಲು.

ಸಕಾಯಿಮಿನಾತೊ ಪಟ್ಟಣದಲ್ಲಿ 1993ರಲ್ಲಿ ಮಿಜುಕಿಯವರ ಹೆಸರಿನ ಬೀದಿಯೊಂದು ತೆರೆಯಲ್ಪಟ್ಟಿತು. ಅದರ ಎರಡು ಪಕ್ಕಗಳಲ್ಲಿಯೂ ಅವರ ಭೂತಗಳ ಕಂಚಿನ ವಿಗ್ರಹಗಳು ನಿಂತಿವೆ. ಇಂದು ಅವುಗಳ ಸಂಖ್ಯೆಯು 170ನ್ನು ಮೀರಿದೆ. ಮುದುಕಿಯೊಬ್ಬಳ ಕತೆಗಳಿಗೆ ಹುಡುಗನೊಬ್ಬನು ಹೆದರಿ ಕಿವಿಗೊಟ್ಟ ಊರಿನಲ್ಲಿ ಈಗ ಮಕ್ಕಳು ಆ ಭೂತಗಳ ತಲೆಯನ್ನು ನೇವರಿಸಿ ಮುಂದಕ್ಕೆ ಹೋಗುವರು.