ಬಾನುಲಿ ಕೇಂದ್ರಕ್ಕೆ ಹೆಸರು

ರೇಡಿಯೊ ಕೇಂದ್ರಕ್ಕೆ ಗುರುತು ಎರಡು ಬಗೆ. ಒಂದು, ಪರವಾನಗಿಯ ಸಂಕೇತಾಕ್ಷರ. ಇನ್ನೊಂದು, ಕೇಳುಗರ ಬಾಯಲ್ಲಿ ನಿಲ್ಲುವ ಹೆಸರು. ಅಂತರರಾಷ್ಟ್ರೀಯ ಒಪ್ಪಂದದಂತೆ ಭಾರತದ ಸಂಕೇತಗಳು ಬಹುಮಟ್ಟಿಗೆ 'ವಿಯು' ಅಕ್ಷರಗಳಿಂದ ಮೊದಲಾಗುತ್ತವೆ: ದೆಹಲಿಗೆ ವಿಯುಡಿ, ಮದರಾಸಿಗೆ ವಿಯುಎಂ. ಅಮೆರಿಕದ ಕೇಂದ್ರಗಳು ಇಂಥ ಅಕ್ಷರಗಳನ್ನೇ ಹೆಸರಾಗಿ ಸಾರಿಕೊಳ್ಳುತ್ತವೆ. ಅಲ್ಲಿ ಮಿಸಿಸಿಪಿ ನದಿಯ ಪೂರ್ವಕ್ಕೆ ಸಾಮಾನ್ಯವಾಗಿ 'ಡಬ್ಲ್ಯು', ಪಶ್ಚಿಮಕ್ಕೆ 'ಕೆ'.

ನಮ್ಮಲ್ಲಿ ಹೆಸರೇ ಗೆದ್ದಿತು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರ ತೆರೆದರು. ಅದರ ಸಂಕೇತ ವಿಯು6ಎಎಚ್. ಜನ ನೆನಪಿಟ್ಟಿದ್ದು 'ಆಕಾಶವಾಣಿ'ಯನ್ನು. ಈ ಹೆಸರನ್ನು ಸೂಚಿಸಿದವರು ಸಾಹಿತಿ ನಾ. ಕಸ್ತೂರಿ ಎಂಬ ಮಾತು ಪ್ರಚಲಿತ. ಮುಂದೆ 1950ರ ದಶಕದಲ್ಲಿ ಆಲ್ ಇಂಡಿಯಾ ರೇಡಿಯೊ ಇದನ್ನೇ ದೇಶಕ್ಕೆಲ್ಲ ಒಪ್ಪಿಕೊಂಡಿತು. ಒಬ್ಬ ಮೇಷ್ಟ್ರ ಹವ್ಯಾಸಕ್ಕೆ ಇದು ಸಣ್ಣ ಗೌರವವಲ್ಲ!

ಅಲ್ಲಿಂದ ಸಂಪ್ರದಾಯ ಸರಳ: 'ಆಕಾಶವಾಣಿ'ಯ ಜೊತೆಗೆ ಊರಿನ ಹೆಸರು. ಉದಾಹರಣೆಗೆ, ಗುಲಬರ್ಗಾ ನಗರದಲ್ಲಿ 1966ರಲ್ಲಿ ಆರಂಭವಾದ ಕೇಂದ್ರವು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮನೆಗಳಿಗೆ 'ಗುಲಬರ್ಗಾ' ಆಗಿ ಪರಿಚಿತವಾಯಿತು. 2014ರ ನವೆಂಬರ್ 1ರಂದು ನಗರದ ಅಧಿಕೃತ ಹೆಸರು ಕಲಬುರಗಿ ಎಂದಾಯಿತು. ಈಗ ಕೇಂದ್ರವೂ ಆಕಾಶವಾಣಿ ಕಲಬುರಗಿ. ಎಫ್‌ಎಂ ಬಂದ ಮೇಲೆ ಕಂಪನಾಂಕವೂ ಹೆಸರಿನ ಭಾಗವಾಯಿತು. 2001ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಖಾಸಗಿ ಕೇಂದ್ರ ರೇಡಿಯೊ ಸಿಟಿ ತನ್ನನ್ನು 91 ಎಂಬ ಅಂಕಿಯೊಡನೆಯೇ ಪರಿಚಯಿಸಿಕೊಂಡಿತು.